ಗುಲಾಬಿ ಕಾಗದದ ತಿದ್ದುಪಡಿ

ನಮ್ಮ ಪತ್ರಿಕೆಯ ಮುಖಪುಟ ಯಾವ ಬಣ್ಣದ್ದಿರಬೇಕು ಎಂದು ನಿರ್ಧರಿಸುತ್ತಿದ್ದವರು ಸಂಪಾದಕರಲ್ಲ. ಆಯಾ ಸಂಚಿಕೆಯ ಹಿಂದಿನ ಮೂರು ತಿಂಗಳಲ್ಲಿ ಭಾಲ್ಕಿಯ ಸುತ್ತಮುತ್ತ ಮದುವೆಯಾದವರು. ಪತ್ರಿಕೆ ಅಚ್ಚಾಗುತ್ತಿದ್ದದ್ದು ಭಾಲ್ಕಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಆ ಪ್ರೆಸ್ಸು ಬದುಕಿದ್ದು ಲಗ್ನಪತ್ರಿಕೆಗಳ ಮೇಲೆ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಮದುವೆಯ ಕರೆಯೋಲೆಗಳು ಅಚ್ಚಾಗಿ ಹೋದ ಮೇಲೆ ಉಳಿದ ದಪ್ಪ ಕಾಗದವನ್ನು ಪ್ರೆಸ್ಸಿನ ಯಜಮಾನರು ನಮಗಾಗಿ ಎತ್ತಿಡುತ್ತಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಹೀಗಾಗಿ ಮಣ್ಣಿನ ಸವಕಳಿಯ ವಿಶೇಷ ಸಂಚಿಕೆ ತಿಳಿಗುಲಾಬಿ ಬಣ್ಣದಲ್ಲಿ ಬಂತು. ಮಿಡತೆಗಳ ಬಗೆಗಿನ ಸಂಚಿಕೆಯ ಅಂಚಿಗೆ ಬಂಗಾರದ ಗೆರೆ ಇತ್ತು. ಒಮ್ಮೆ ಕಾಗದ ಸಾಲದೆ ಅರ್ಧ ಪ್ರತಿಗಳು ಹಳದಿ, ಉಳಿದರ್ಧ ಹಸಿರು ಆದವು. ಕಲಬುರಗಿಯ ಓದುಗರೊಬ್ಬರು ಅವೆರಡೂ ಬೇರೆ ಬೇರೆ ಸಂಚಿಕೆ ಎಂದು ತಿಳಿದು, ಹಸಿರಿನದು ತಮಗೆ ಯಾಕೆ ಕಳಿಸಿಲ್ಲ ಎಂದು ಖಾರವಾದ ಪತ್ರ ಬರೆದಿದ್ದರು.

ಪತ್ರಿಕೆ ಮಹಾ ದೊಡ್ಡದೇನಲ್ಲ. ಮೂರು ತಿಂಗಳಿಗೊಮ್ಮೆ ಬರುವ, ನಲವತ್ತೆಂಟು ಪುಟಗಳ, ಕನ್ನಡದ ವಿಜ್ಞಾನ ಪತ್ರಿಕೆ. ನಡೆಸುತ್ತಿದ್ದವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ, ಬೀದರಿನ ನೌಬಾದದಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬರು. ನಾನು ಅವರ ವಿದ್ಯಾರ್ಥಿನಿ ಅಲ್ಲ, ಆದರೂ ನನಗೆ ಅವರು ಸರ್. ನಾನು ಔರಾದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಹೀಗಾಗಿ ಅವರಿಗೆ ನಾನು ಟೀಚರ್. ಮೊದಲು ಲೇಖನ ಕಳಿಸಿದೆ, ಆಮೇಲೆ ಪ್ರೂಫ್ ನೋಡತೊಡಗಿದೆ, ಕಡೆಗೆ ಭಾನುವಾರ ಬಂತೆಂದರೆ ಬೆಳಗಿನ ಬಸ್ಸಿಗೆ ಬೀದರಿಗೆ ಹೊರಟುಬಿಡುವವಳಾದೆ. "ನೌಬಾದದಾಗೇ ಒಂದು ಖೋಲಿ ಹಿಡೀರಿ, ಬಸ್ಸಿನ ಖರ್ಚರೆ ಉಳಿತದ" ಎಂದು ನನ್ನವರು ಚೇಷ್ಟೆ ಮಾಡುತ್ತಿದ್ದರು. ನಾನು ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದೆ. ನನಗೆ ಸಿಟ್ಟು ಬೇಗ, ಅದರಲ್ಲೂ ಪತ್ರಿಕೆಯ ವಿಷಯದಲ್ಲಿ.

ಬಂದ ಪ್ರತಿಯೊಂದು ಲೇಖನವನ್ನೂ ಇಬ್ಬರು ಓದಬೇಕೆಂಬುದು ಸರ್ ಮಾಡಿದ್ದ ನಿಯಮ: ಆ ವಿಷಯ ಬಲ್ಲವರೊಬ್ಬರು, ಏನೂ ತಿಳಿಯದವರೊಬ್ಬರು. ಬಲ್ಲವರು ಬದಲಾಗುತ್ತಿದ್ದರು. ತಿಳಿಯದವರ ಸ್ಥಾನ ಮಾತ್ರ ಖಾಯಂ ಆಗಿ ಸರ್ ಅವರ ಹೆಂಡತಿಯದು. ಅವರನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. "ಇದು ನನಗ ತಿಳೀಲಿಲ್ಲರಿ" ಎಂದು ಕಾಕು ಅಂದರೆ ಎಂಥ ದೊಡ್ಡ ಡಿಗ್ರಿಯವರ ಲೇಖನವಾದರೂ ವಾಪಸ್ಸು. ನನ್ನ ಮೊದಲ ಲೇಖನ ಮೂರು ಸಲ ವಾಪಸ್ಸು ಬಂತು. ನಾಲ್ಕನೆಯ ಸಲ ಅಚ್ಚಾದಾಗ ನನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದ್ದೆ. ನಮ್ಮ ಮನೆತನದಲ್ಲಿ ಅದುವರೆಗೆ ಯಾರ ಹೆಸರೂ ಪುಸ್ತಕದಲ್ಲಿ ಅಚ್ಚಾಗಿರಲಿಲ್ಲ.

ಇನ್ನೊಂದು ನಿಯಮವಿತ್ತು, ಈ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ, ಸಂಪಾದಕೀಯಕ್ಕೂ ಮುಂಚೆ, ಹಿಂದಿನ ಸಂಚಿಕೆಯ ತಪ್ಪುಗಳು ಬರಬೇಕು. ಎಲ್ಲೋ ಕೊನೆಯ ಪುಟದ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಲ್ಲ. ತಪ್ಪು ಎಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತೋ ತಿದ್ದುಪಡಿಯೂ ಅಷ್ಟೇ ದೊಡ್ಡ ಅಕ್ಷರದಲ್ಲಿ. ಹೊಸ ಸಂಚಿಕೆಯ ಕೆಲಸಕ್ಕೆ ಕುಳಿತಾಗ ಸರ್ ಮೊಟ್ಟಮೊದಲು ಪೆನ್ಸಿಲ್ ಹಿಡಿದು ಸುತ್ತ ಕುಳಿತವರನ್ನು ಕೇಳುತ್ತಿದ್ದರು: "ಮೊದಲು ತಪ್ಪು ಹೇಳ್ರಿ. ಈ ಸಲ ಏನವ?" ಮಾವಿನ ಜಿಗಿಹುಳುವಿನ ಕಾಲು ಎಂಟು ಎಂದು ಬಂದದ್ದು, ಚಿತ್ರ ತಲೆಕೆಳಗಾದದ್ದು, ಎಲ್ಲ ಹೇಳಬೇಕು. ಹೇಳಿ ಮುಗಿಸಿದ ಮೇಲೆಯೇ ಕಾಕು ಚಹಾ ತರುತ್ತಿದ್ದರು.

ದುಡ್ಡಿನ ಮಾತು ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಪತ್ರಿಕೆ ನಿಂತದ್ದು ಲೇಖನ ಇಲ್ಲದೆ ಅಲ್ಲ. ಚಂದಾದಾರರಲ್ಲಿ ಹೆಚ್ಚಿನವರು ಶಾಲೆಗಳ ಗ್ರಂಥಾಲಯದವರು. ಮುಖ್ಯಗುರುಗಳು ವರ್ಗವಾದರೆ ಚಂದಾವೂ ಅವರ ಜೊತೆಗೇ ವರ್ಗವಾಗುತ್ತಿತ್ತು. ಜಾಹೀರಾತು ಕೊಡಿ ಎಂದು ಹೋದರೆ ಅಂಗಡಿಯವರು ಪುಟ ತಿರುವಿ, "ಇದ್ರಾಗ ರಾಶಿಭವಿಷ್ಯ ಇಲ್ಲೇನ್ರಿ?" ಎನ್ನುತ್ತಿದ್ದರು. ಒಬ್ಬ ಮಿಠಾಯಿ ಅಂಗಡಿಯವರು, ಸರ್ ಅವರ ಹಳೆಯ ಶಿಷ್ಯರು, ಎರಡು ವರ್ಷ ಹಿಂದಿನ ರಕ್ಷಾಪುಟಕ್ಕೆ ಜಾಹೀರಾತು ಕೊಟ್ಟರು. ಆಮೇಲೆ ಅವರ ಮಗ ಫ್ಲೆಕ್ಸ್ ಬೋರ್ಡ್ ಹಾಕಿಸಿದರೆ ಊರೆಲ್ಲ ನೋಡುತ್ತದೆ ಎಂದು ಲೆಕ್ಕ ಹಾಕಿದ. ಅದರಲ್ಲಿ ತಪ್ಪೇನಿಲ್ಲ, ನೋಡುತ್ತದೆ. ಕಾಗದದ ಬೆಲೆ ಪ್ರತಿ ಸಲ ಏರುತ್ತಿತ್ತು, ಅಂಚೆಯ ಖರ್ಚೂ ಏರುತ್ತಿತ್ತು. ಸರ್ ಸ್ಕೂಟರ್ ಮಾರಿದರು. ಕೇಳಿದರೆ, "ಡಾಕ್ಟರು ನಡೀರಿ ಅಂದಾರ" ಎಂದರು. ಡಾಕ್ಟರು ಹಾಗೇನೂ ಅಂದಿರಲಿಲ್ಲವೆಂದು ಕಾಕು ನನಗೆ ಅಡುಗೆಮನೆಯಲ್ಲಿ ಹೇಳಿದರು.

ನಾನು ಒಮ್ಮೆ ಒಂದು ತಿಂಗಳ ಪಗಾರ ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆ. ಸರ್ ಲಕೋಟೆಯನ್ನು ಮುಟ್ಟಲೇ ಇಲ್ಲ.

"ಬರೆಯೋರ ಕಡಿಂದ ರೊಕ್ಕ ತಗೊಂಡ್ರ, ನಾಳಿ ನಿಮ್ಮ ಲೇಖನ ವಾಪಸ್ ಕಳಸೂ ಹೊತ್ತಿನಾಗ ನನ್ನ ಕೈ ನಡಗ್ತದರಿ ಟೀಚರ್. ಒಳಗ ಇಟ್ಕೋರಿ" ಎಂದರು.

ನಾನು ಸಿಟ್ಟಿನಿಂದ ಅದೇ ಲಕೋಟೆ ಹಿಡಿದು ಬಸ್ಸು ಹತ್ತಿದೆ. ಜನವಾಡ ದಾಟುವ ತನಕ ಮನಸ್ಸಿನಲ್ಲೇ ಅವರೊಂದಿಗೆ ಜಗಳವಾಡಿದೆ. ಮುಂದಿನ ಭಾನುವಾರ ಮತ್ತೆ ಹೋಗಿ ಕುಳಿತೆ.

ಆ ಭಾನುವಾರಗಳು ನನಗೆ ಈಗಲೂ ಗಂಟೆ ಗಂಟೆಯಾಗಿ ನೆನಪಿವೆ. ಭಾಲ್ಕಿಯಿಂದ ಮುದ್ರಿತ ಹಾಳೆಗಳ ಗಂಟು ಬಸ್ಸಿನ ಮೇಲೆ ಬರುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ನಾವು ಮೂವರು ಮಡಿಸುವುದು, ಜೋಡಿಸುವುದು, ದಬ್ಬಣದಿಂದ ತೂತು ಮಾಡಿ ದಾರ ಹಾಕುವುದು. ಕಾಕು ಮೈದಾ ಹಿಟ್ಟಿನ ಅಂಟು ಕಾಯಿಸುವಾಗ ಇಲಿ ತಿನ್ನದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದಕ್ಕಾಗಿಯೇ ಬೇರೆ ಒಂದು ಬೋಗುಣಿ ಇತ್ತು. ನಾನು ವಿಳಾಸ ಬರೆಯುವವಳು. ಯಾವ ಓದುಗರ ಅಕ್ಷರ ಹೇಗಿದೆ, ಯಾರು ಪ್ರಶ್ನೆ ಕೇಳಿ ಪೀಡಿಸುತ್ತಾರೆ, ಯಾರು ವರ್ಷಗಟ್ಟಲೆ ಚಂದಾ ಕೊಡದೆ ಹೊಗಳಿಕೆ ಮಾತ್ರ ಕಳಿಸುತ್ತಾರೆ, ಎಲ್ಲ ನನಗೆ ಬಾಯಿಪಾಠ. ನಾನೂರು ವಿಳಾಸ ಬರೆದ ದಿನ ಬೆರಳು ನೋಯುತ್ತಿತ್ತು, ಸಂಜೆಯ ಬಸ್ಸಿನಲ್ಲಿ ಕುಳಿತರೆ ಕೈಗೆ ಅಂಟಿನ ವಾಸನೆ. ಅಷ್ಟು ಸುಖವಾದ ದಣಿವು ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಇನ್ನು ಬಾವಿಗಳ ವಿಷಯ. ಪತ್ರಿಕೆಯಲ್ಲಿ ಪ್ರತಿ ಸಲ ಒಂದು ಪುಟ ಬಾವಿಗಳಿಗೆ ಮೀಸಲು. ಬೀದರ ಜಿಲ್ಲೆಯ ಬೇರೆ ಬೇರೆ ಊರುಗಳಲ್ಲಿ ಅಮಾವಾಸ್ಯೆಯ ದಿನ ಬಾವಿಯ ಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಎಂದು ಅಳೆದು ಕಳಿಸುವವರಿದ್ದರು. ಸಂತಪುರದ ಹತ್ತಿರದ ನಮ್ಮೂರಿನ ಮೂರು ಬಾವಿಗಳನ್ನು ಅಳೆಯುತ್ತಿದ್ದವಳು ನನ್ನ ಅವ್ವ. ನಮ್ಮ ಹೊಲದ್ದೊಂದು, ಪಕ್ಕದ ಹೊಲದ್ದೊಂದು, ಬುದ್ಧ ವಿಹಾರದ ಹಿಂದಿನದೊಂದು. ಅವ್ವನಿಗೆ ಓದು ಬರಹ ಬರುವುದಿಲ್ಲ. ನಾನು ಒಯ್ದುಕೊಟ್ಟ ಅಳತೆ ಟೇಪನ್ನು ಅವಳು ಎರಡೇ ತಿಂಗಳಲ್ಲಿ ತುಕ್ಕು ಹಿಡಿಸಿದಳು. "ಇದ್ರಾಗಿನ ಗೆರಿ ನನಗ ಕಾಣಲ್ಲ, ನಾ ನನ್ನ ಮಾರಿನ ಲೆಕ್ಕದಾಗ ಹೇಳ್ತೇನಿ" ಎಂದಳು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು, ಕಲ್ಲು ನೀರು ಮುಟ್ಟಿದಾಗ ಕಟ್ಟೆಯ ಮಟ್ಟಕ್ಕೆ ಹಗ್ಗದಲ್ಲಿ ಗಂಟು ಹಾಕುವುದು, ಮೇಲೆಳೆದುಕೊಂಡು ಎರಡೂ ಕೈ ಚಾಚಿ ಒಂದು ಮಾರು, ಎರಡು ಮಾರು ಎಂದು ಎಣಿಸುವುದು. ಉಳಿದದ್ದು ಗೇಣಿನಲ್ಲಿ.

ಸರ್ ಇದನ್ನು ಕೇಳಿ ನಗಲಿಲ್ಲ. "ಮಾರು ಏನು ಕೆಟ್ಟ ಅಳತಿ ಅಲ್ಲರಿ. ಮೊದಲು ಕೈ ಅಳೀರಿ, ಆಮ್ಯಾಲ ಬಾವಿ ಅಳಸ್ರಿ" ಎಂದರು. ನಾನು ಊರಿಗೆ ಹೋಗಿ ಅವ್ವನನ್ನು ಗೋಡೆಗೆ ಆನಿಸಿ ನಿಲ್ಲಿಸಿ ಕೈ ಚಾಚಿಸಿ ಅಳೆದೆ. ನಾಲ್ಕು ಅಡಿ ಹತ್ತು ಅಂಗುಲ. ಬಾವಿಯ ಪುಟದ ಕೆಳಗೆ ಅಳತೆ ಮಾಡಿದವರ ಪಟ್ಟಿಯಲ್ಲಿ ಅವ್ವನ ಹೆಸರು, ಅದರ ಮುಂದೆ ಅವಳ ಮಾರು ಎಷ್ಟು ಅಡಿ ಎಂಬುದು ಅಚ್ಚಾಯಿತು. ಅವ್ವ ಆ ಸಂಚಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಳು. ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು ಎಂದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ನಗುತ್ತ ಹೇಳುತ್ತಿದ್ದಳು. ಅಂದಿನಿಂದ ಪ್ರತಿ ಅಮಾವಾಸ್ಯೆ ಫೋನು ಮಾಡಿ ಅವ್ವ ಅಳತೆ ಹೇಳುವುದು, ನಾನು ಅಡಿಗೆ ತಿರುಗಿಸಿ ವಹಿಯಲ್ಲಿ ಬರೆಯುವುದು ರೂಢಿಯಾಯಿತು.

ಹೀಗೆ ಬರೆಯುತ್ತ ಬಂದ ವಹಿಯಲ್ಲಿ ಒಂದು ಬೇಸಿಗೆ ನನಗೆ ವಿಚಿತ್ರ ಕಂಡಿತು. ಹಿಂದಿನ ವರ್ಷ ಒಂಬತ್ತು ಮಾರು ಕೆಳಗೆ ನೀರಿದ್ದ ಬಾವಿಯಲ್ಲಿ ಈ ವರ್ಷ ಅದೇ ತಿಂಗಳು ಎಂಟೇ ಮಾರು. ಮೂರು ಬಾವಿಯಲ್ಲೂ ಹಾಗೆಯೇ, ತಿಂಗಳು ತಿಂಗಳೂ ಹಾಗೆಯೇ. ನೀರು ಐದಡಿಯಷ್ಟು ಮೇಲೆ ಬಂದಿತ್ತು. ಮಳೆ ಹೆಚ್ಚೇನೂ ಆಗಿರಲಿಲ್ಲ. ಊರಿನ ಮೇಲ್ಗಡೆ ಹೊಲದ ಒಡ್ಡುಗಳನ್ನು ಹೊಸದಾಗಿ ಹಾಕಿದ್ದರು, ಅದರಿಂದಲೇ ನೀರು ಇಂಗಿ ಬಾವಿಗೆ ಬಂದಿದೆ ಎಂದು ನಾನು ಲೆಕ್ಕ ಹಾಕಿದೆ. ಎಂಟು ಪುಟದ ಲೇಖನ ಬರೆದೆ, ಎರಡು ಕೋಷ್ಟಕ, ಒಂದು ನಕ್ಷೆ. ಬಲ್ಲವರು ಒಪ್ಪಿದರು. ಕಾಕು ಕೂಡ ಒಂದೇ ಸಲಕ್ಕೆ ತಿಳಿಯಿತು ಎಂದರು. ಮೊದಲ ಪುಟಗಳಲ್ಲಿಯೇ ದೊಡ್ಡ ಅಕ್ಷರದಲ್ಲಿ ಬಂತು: ನೀರು ಏರುತ್ತಿದೆ.

ಅದೇ ಕೊನೆಯ ಸಂಚಿಕೆ ಎಂದು ನಮ್ಮೊಳಗೆ ಆಗಲೇ ಮಾತಾಗಿತ್ತು. ಚಾಚಾಗೆ ಹಿಂದಿನ ಎರಡು ಸಂಚಿಕೆಯ ಬಾಕಿಯೇ ಕೊಟ್ಟಿರಲಿಲ್ಲ. ಅವರು ಕೇಳುತ್ತಲೂ ಇರಲಿಲ್ಲ, ಅದೇ ಹೆಚ್ಚು ಭಾರ. ಸರ್ ನನ್ನ ಲೇಖನ ಓದಿ, "ಒಳ್ಳೆ ಸುದ್ದಿ ಹಾಕಿ ಬಾಗಲಾ ಮುಚ್ಚಲಿಕತ್ತೀವಿ, ಅದೇ ಸಮಾಧಾನ ನೋಡ್ರಿ" ಎಂದಿದ್ದರು.

ಸಂಚಿಕೆ ಹೊರಟು ತಿಂಗಳಾಗಿರಬೇಕು. ಭಾಲ್ಕಿಯಲ್ಲಿ ಬೋರ್‌ವೆಲ್ ಕೊರೆಯುವ ಗಾಡಿಗಳನ್ನಿಟ್ಟಿದ್ದ ಒಬ್ಬರು ಚಾಚಾನ ಪ್ರೆಸ್ಸಿಗೆ ಮಗಳ ಲಗ್ನಪತ್ರಿಕೆ ಹಾಕಿಸಲು ಬಂದವರು, ಅಲ್ಲಿ ಬಿದ್ದಿದ್ದ ನಮ್ಮ ಪತ್ರಿಕೆ ಓದಿದರು. ಅಲ್ಲಿಂದ ನೇರವಾಗಿ ನೌಬಾದಕ್ಕೆ ಬಂದರು. ಒಂದು ವರ್ಷದ ನಾಲ್ಕೂ ಸಂಚಿಕೆಗಳ ಅಚ್ಚಿನ ಖರ್ಚು ತಮ್ಮದು, ಹಳೆಯ ಬಾಕಿಯನ್ನೂ ತೀರಿಸುತ್ತೇನೆ ಎಂದರು. ಕೇಳಿದ್ದು ಒಂದೇ: ಹಿಂದಿನ ರಕ್ಷಾಪುಟದಲ್ಲಿ ನನ್ನ ಲೇಖನದ ಹೆಸರು ದೊಡ್ಡದಾಗಿ ಹಾಕಬೇಕು, ಅದರ ಕೆಳಗೆ ಅವರ ಗಾಡಿಯ ಫೋಟೋ. ಸರ್ ನನಗೆ ಫೋನು ಮಾಡಿ ಇದನ್ನು ಹೇಳುವಾಗ ಅವರ ದನಿ ಹತ್ತು ವರ್ಷ ಚಿಕ್ಕವರ ದನಿಯಂತಿತ್ತು. ದಸರೆಯ ರಜೆ ಮುಗಿದ ಕೂಡಲೇ ಭಾನುವಾರ ಕೂರೋಣ ಎಂದರು. ನಾನು ಫೋನಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ. ಖುಷಿಗೆ.

ದಸರೆಗೆ ಊರಿಗೆ ಹೋದೆ. ಬೌದ್ಧ ದೀಕ್ಷೆಯ ನೆನಪಿಗೆ ಆ ದಿನ ನಮ್ಮವರೆಲ್ಲ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುತ್ತಾರೆ. ಅವ್ವ ಒಳಗೆ ಬಿಳಿ ಸೀರೆ ಉಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಬೇಗ ಮಾಡು ಎನ್ನುತ್ತಿದ್ದೆ. ಅವಳು ಸೆರಗನ್ನು ತಲೆಯ ಮೇಲೆ ಹೊದೆಯಲು ಹೋದಳು. ಬಲಗೈ ಎದೆಯ ಮಟ್ಟದ ತನಕ ಬಂದು ಅಲ್ಲೇ ನಿಂತಿತು. ವೈನಿ ಹಿಂದಿನಿಂದ ಬಂದು ಸೆರಗೆತ್ತಿ ಹೊದಿಸಿದಳು, ದಿನಾ ಮಾಡುವ ಕೆಲಸದಂತೆ.

"ಕೈಗಿ ಏನಾಗ್ಯದ?" ಎಂದು ಕೇಳಿದೆ.

"ಏನಿಲ್ಲ, ಹೆಗಲು ಹಿಡದದ. ಹೋದ ವರ್ಷದ ದೀಪಾವಳಿಯಿಂದ ಮ್ಯಾಲ ಏಳಲ್ಲ" ಎಂದಳು ಅವ್ವ.

ಆಗ ನಾನು ಕೇಳಿದ ಮಾತನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ. ನೋವಿದೆಯೇ, ದವಾಖಾನೆಗೆ ಹೋಗಿದ್ದೆಯಾ ಎಂದು ಕೇಳಲಿಲ್ಲ.

"ಮತ್ತ ಬಾವಿ ಯಾರು ಅಳೀಲಿಕತ್ತಾರ?" ಎಂದೆ.

"ಸೊಸಿ ಅಳೀತಾಳ. ನಾ ಬಾಜೂಕ ನಿಂತು ಎಣಸ್ತೇನಿ."

ನಮ್ಮ ವೈನಿ ಎತ್ತರದ ಹೆಣ್ಣುಮಗಳು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವವಳು. ನಾನು ಚೀಲದಿಂದ ಟೇಪು ತೆಗೆದೆ. ವಿಹಾರಕ್ಕೆ ಹೊರಟು ನಿಂತಿದ್ದ ಅವಳನ್ನು ಗೋಡೆಗೆ ಆನಿಸಿ, ಕೈ ಚಾಚಲು ಹೇಳಿದೆ. ಐದು ಅಡಿ ಆರು ಅಂಗುಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಅವ್ವನ ಒಂಬತ್ತು ಮಾರು ಎಂದರೆ ನಲವತ್ಮೂರೂವರೆ ಅಡಿ. ವೈನಿಯ ಎಂಟು ಮಾರು ಎಂದರೆ ನಲವತ್ನಾಲ್ಕು. ನೀರು ಏರಿರಲಿಲ್ಲ, ಅರ್ಧ ಅಡಿ ಇಳಿದಿತ್ತು. ಏರದೇ ನಿಂತದ್ದು ಅವ್ವನ ಕೈ. ನಾನು ಅದನ್ನು ಎಂಟು ಪುಟ ಬರೆದು, ನಕ್ಷೆ ಹಾಕಿ, ಒಳ್ಳೆಯ ಸುದ್ದಿ ಎಂದು ನಾನೂರು ಮಂದಿಗೆ ಕಳಿಸಿದ್ದೆ.

"ನನಗ ಯಾಕ ಹೇಳಲಿಲ್ಲವ್ವ?" ಎಂದರೆ ಅವ್ವ ನನ್ನನ್ನೇ ಬೈದಳು.

"ನೀ ಕೇಳ್ತಿದ್ದಿದ್ದು ಎಷ್ಟು ಮಾರು ಅಂತ. ಯಾರ ಮಾರು ಅಂತ ಒಂದು ಸಲ ಕೇಳಿದಿ?" ಆಮೇಲೆ ದನಿ ತಗ್ಗಿಸಿ, "ಹೇಳಿದ್ರ ಪುಸ್ತಕದಾಗಿಂದ ನನ್ನ ಹೆಸರು ತೆಗಿತಿದ್ದಿ" ಎಂದಳು.

ಆ ಭಾನುವಾರ ಸಂತಪುರದಿಂದ ಬೀದರಿನ ಬಸ್ಸಿನಲ್ಲಿ ಕುಳಿತೆ. ದಾರಿಯುದ್ದಕ್ಕೂ ಒಂದೇ ವಿಚಾರ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಪತ್ರಿಕೆ ಉಳಿಯುತ್ತದೆ. ಒಂದು ವರ್ಷದ ನಾಲ್ಕು ಸಂಚಿಕೆ, ನಾಲ್ಕು ಸಲ ಚಾಪೆ ಹಾಸುವುದು, ನಾಲ್ಕು ಸಲ ಅಂಟು ಕಾಯಿಸುವುದು. ಅರ್ಧ ಅಡಿ ಅತ್ತಿತ್ತ ಆದರೆ ಯಾರಿಗೆ ಗೊತ್ತಾಗುತ್ತದೆ? ಮುಂದೆ ಒಂದು ಸಂಚಿಕೆಯಲ್ಲಿ ಮೆಲ್ಲಗೆ ತಿದ್ದಿದರಾಯಿತು. ಆದರೆ ಆ ಲೇಖನ ನಂಬಿ ಯಾರಾದರೂ ಆ ಗಾಡಿ ಕರೆಸಿ ಹೊಲದಲ್ಲಿ ನಿಲ್ಲಿಸಿದರೆ? ಅದನ್ನೂ ನೆನೆದೆ, ನೆನೆದು ತಳ್ಳಿಹಾಕಿದೆ. ಜನವಾಡ ಬರುವ ಹೊತ್ತಿಗೆ ಹೇಳಬಾರದು ಎಂದೇ ತೀರ್ಮಾನಿಸಿದ್ದೆ. ಇದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ನೌಬಾದದ ಮನೆಯಲ್ಲಿ ಕಾಕು ಹುಗ್ಗಿ ಮಾಡಿದ್ದರು. ಮೇಜಿನ ಮೇಲೆ ಬೋರ್‌ವೆಲ್ಲಿನವರು ಕೊಟ್ಟುಹೋದ ಲಕೋಟೆ, ಅದರ ಮೇಲೆ ಹಾರದಂತೆ ಸರ್ ಅವರ ಕನ್ನಡಕದ ಡಬ್ಬಿ. ನಾನು ಹುಗ್ಗಿ ತಿಂದೆ, ಚೆನ್ನಾಗಿದೆ ಎಂದೆ, ಮತ್ತೊಂದು ಸೌಟು ಹಾಕಿಸಿಕೊಂಡೆ. ಸರ್ ಹೊಸ ಸಂಚಿಕೆಗೆಂದು ಹಾಳೆಗಳನ್ನು ಮಡಿಸಿ ಪುಟ ಗುರುತು ಹಾಕಿದ್ದರು. ಮುಂದೆ ಏನಾಗಬೇಕಿತ್ತು ಎಂಬುದನ್ನು ನಾನು ದಾರಿಯಲ್ಲಿ ಮರೆತಿದ್ದೆ. ಅವರು ಪೆನ್ಸಿಲ್ ತೆಗೆದು ಮೊದಲ ಪುಟ ಬಿಚ್ಚಿದರು.

"ಮೊದಲು ತಪ್ಪು ಹೇಳ್ರಿ ಟೀಚರ್. ಈ ಸಲ ಏನವ?"

ವರ್ಷಗಟ್ಟಲೆ ಆ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿಗೆ ಸುಳ್ಳು ಹೇಳುವುದು ಬರಲಿಲ್ಲ. ಹೇಳಿಬಿಟ್ಟೆ. ಅವ್ವನ ಸೆರಗಿನಿಂದ ಹಿಡಿದು ಅರ್ಧ ಅಡಿಯ ತನಕ ಎಲ್ಲ ಹೇಳಿದೆ. ಸರ್ ವೈನಿಯ ಮಾರು ಎಷ್ಟು ಎಂದು ಮತ್ತೊಮ್ಮೆ ಕೇಳಿ ಹಾಳೆಯ ಮೇಲೆ ಗುಣಿಸಿದರು. ಉತ್ತರದ ಕೆಳಗೆ ಗೆರೆ ಎಳೆದರು. ಆಮೇಲೆ ತಲೆಯೆತ್ತಿ ಕೇಳಿದ್ದು ಒಂದೇ ಮಾತು.

"ಅವ್ವಗ ಕೈ ಈಗ ಹ್ಯಾಂಗದರಿ?"

ನಾನು ಮಗಳಾಗಿ ಕೇಳದಿದ್ದದ್ದನ್ನು ಅವರು ಕೇಳಿದರು. ನನಗೆ ತಡೆಯಲಾಗಲಿಲ್ಲ. ಕಾಕು ಬಂದು ಪಕ್ಕದಲ್ಲಿ ಕುಳಿತು ಬೆನ್ನು ಸವರಿದರು. ಸರ್ ಕನ್ನಡಕದ ಡಬ್ಬಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ಲಕೋಟೆಯನ್ನು ಬಾಗಿಲ ಹತ್ತಿರದ ಗೂಡಿನಲ್ಲಿಟ್ಟರು, ವಾಪಸ್ಸು ಕೊಡುವ ವಸ್ತುಗಳನ್ನು ಇಡುವ ಜಾಗ ಅದು.

ಬೋರ್‌ವೆಲ್ಲಿನವರು ಕೆಟ್ಟ ಮನುಷ್ಯರೇನಲ್ಲ. ಮರುದಿನ ಬಂದು ಎಲ್ಲ ಕೇಳಿದರಂತೆ. "ತಿದ್ದುಪಡಿ ಹಾಕ್ರಿ ಸರ್, ನಾ ಬ್ಯಾಡ ಅನ್ನಲ್ಲ. ಒಳಗ ಎಲ್ಲರೆ ಸಣ್ಣ ಅಕ್ಷರದಾಗ ಹಾಕಿಬಿಡ್ರಿ" ಎಂದರಂತೆ. ಸರ್ ಅಕ್ಷರದ ಗಾತ್ರದ ನಿಯಮ ತಿಳಿಸಿ ಹೇಳಿದರು. ಅವರು ಚಹಾ ಕುಡಿದು, ಲಕೋಟೆ ಒಯ್ದರು. ಹೋಗುವಾಗ ಒಂದು ವರ್ಷದ ಚಂದಾ ಮಾತ್ರ ಕೊಟ್ಟು ಹೋದರು. ಬರದೇ ಹೋದ ಪತ್ರಿಕೆಯ ಚಂದಾ.

ತಿದ್ದುಪಡಿ ಹಾಕಲು ಸಂಚಿಕೆಯೇ ಇರಲಿಲ್ಲ. ಸರ್ ಮತ್ತು ನಾನು ಭಾಲ್ಕಿಗೆ ಹೋದೆವು. ಚಾಚಾ ಎಲ್ಲ ಕೇಳಿಸಿಕೊಂಡು ಕತ್ತರಿಸುವ ಯಂತ್ರದ ಕೆಳಗಿನಿಂದ ಒಂದು ಕಟ್ಟು ಎಳೆದರು. ಲಗ್ನಪತ್ರಿಕೆಗಳ ಅಳತೆಗೆ ಕತ್ತರಿಸಿದ ಮೇಲೆ ಉಳಿದ ಉದ್ದನೆಯ ಪಟ್ಟಿಗಳು. ಗುಲಾಬಿ ಬಣ್ಣ, ಒಂದು ಅಂಚಿಗೆ ಬಂಗಾರದ ಗೆರೆ.

"ಇದು ಯಾವ ಕೆಲಸಕ್ಕೂ ಬರಲ್ಲ ಸಾಬ್. ಮಷೀನಿನ ಮ್ಯಾಲ ನಾಳಿನ ಲಗ್ನದ ಮಸಿ ಹ್ಯಾಂಗೂ ಇರ್ತದ. ನಿಮ್ಮದೂ ಅದ್ರಾಗೇ ತೆಗಿತೇನಿ" ಎಂದರು.

ದೊಡ್ಡ ಅಕ್ಷರದಲ್ಲಿ: ನೀರು ಏರಿಲ್ಲ. ಅದರ ಮೇಲೆ ಸಂಪುಟದ ಸಂಖ್ಯೆ, ಸಂಚಿಕೆಯ ಸಂಖ್ಯೆ. ಇವು ಇದ್ದರೆ ಇದೂ ಒಂದು ಸಂಚಿಕೆಯೇ ಎಂದು ಸರ್ ಅಂದರು. ಕೆಳಗೆ ಎರಡು ಸಾಲು. ಮೊದಲನೆಯದು ನಾನು ಬರೆದದ್ದು: ಅಳೆದವರು ಬದಲಾದದ್ದನ್ನು ಲೇಖಕಿ ಗಮನಿಸಲಿಲ್ಲ. ಎರಡನೆಯದನ್ನು ಸರ್ ಸೇರಿಸಿದರು: ಯಾರು ಅಳೆದರು ಎಂದು ಸಂಪಾದಕರೂ ಕೇಳಲಿಲ್ಲ. ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಳತೆಗಾರರ ಪಟ್ಟಿ ಕೊನೆಗಿತ್ತು. ಅವ್ವನ ಹೆಸರು ತೆಗೆಯಲಿಲ್ಲ. ಅದರ ಮುಂದೆ ವೈನಿಯ ಹೆಸರು, ಅವಳ ಮಾರು. ಭಾನುವಾರ ಕುಳಿತು ನಾನೂರು ಲಕೋಟೆಯಲ್ಲಿ ಹಾಕಿದೆವು. ಮದುವೆಯ ಕರೆಯೋಲೆ ಬಂತೆಂದು ಎಷ್ಟೋ ಮಂದಿ ಖುಷಿಯಿಂದ ಬಿಚ್ಚಿರಬೇಕು.

ಅದಾದ ಮೇಲೆ ಪತ್ರಿಕೆ ಬರಲಿಲ್ಲ. ಚಾಚಾನ ಬಾಕಿಯನ್ನು ಸರ್ ಪಿಂಚಣಿಯಿಂದ ಸ್ವಲ್ಪ ಸ್ವಲ್ಪವಾಗಿ ತೀರಿಸಿದರು. ಆ ಪ್ರೆಸ್ಸಿನಲ್ಲಿ ಈಗ ಫ್ಲೆಕ್ಸ್ ಯಂತ್ರ ಬಂದಿದೆ, ಲಗ್ನಪತ್ರಿಕೆಗಳೆಲ್ಲ ಮೊಬೈಲಿಗೆ ಹೋಗಿವೆ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಒಂದು ವರ್ಷ ಬರುತ್ತಿತ್ತಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹೇಳಿದ್ದೇ ಸರಿ ಎಂದು ಗೊತ್ತು. ಗೊತ್ತಿದ್ದರೂ ಅನ್ನಿಸುತ್ತದೆ. ಅಂಚೆಯ ಅಣ್ಣ ಬೈಕಿನಲ್ಲಿ ನಮ್ಮ ಶಾಲೆಯ ಮುಂದೆ ಹಾದುಹೋದರೆ ಈಗಲೂ ಅವನ ಚೀಲದ ಕಡೆ ಕಣ್ಣು ಹೋಗುತ್ತದೆ. ನಾವೇ ಕಳಿಸದ ಪತ್ರಿಕೆ ನಮಗೆ ಹೇಗೆ ಬರಬೇಕು?

ಅವ್ವನ ಫೋನು ಮಾತ್ರ ನಿಂತಿಲ್ಲ. ಪ್ರತಿ ಅಮಾವಾಸ್ಯೆಗೆ ಬರುತ್ತದೆ. ಈಗ ಅವಳು ಅಂಕಿಗಿಂತ ಮೊದಲೇ, "ಸೊಸಿ ಮಾರು, ಬರ್ಕೋ" ಎನ್ನುತ್ತಾಳೆ. ಆಮೇಲೆ ಮೂರು ಬಾವಿಯ ಅಳತೆ. ಕಡೆಗೆ ತಪ್ಪದೆ ಒಂದು ಪ್ರಶ್ನೆ: "ಪುಸ್ತಕ ಯಾವಾಗ ಬರ್ತದ?" ಕಳೆದ ಅಮಾವಾಸ್ಯೆಗೂ ಕೇಳಿದಳು. "ಬರ್ತದವ್ವ, ಅಚ್ಚಿಗಿ ಹೋಗ್ಯದ" ಎಂದೆ.

ನಾನು ಈಗಲೂ ತಿಂಗಳಿಗೊಂದು ಭಾನುವಾರ ನೌಬಾದಕ್ಕೆ ಹೋಗುತ್ತೇನೆ. ಮಡಿಸಲು ಹಾಳೆ ಇಲ್ಲ. ಅಂಟಿನ ಬೋಗುಣಿಯಲ್ಲಿ ಕಾಕು ತುಳಸಿ ಗಿಡ ನೆಟ್ಟಿದ್ದಾರೆ. ಸರ್ ಅವರ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆ ಆಗಿದೆ. ಬಾವಿಗಳ ಅಳತೆಯನ್ನು ನಾನು ಓದಿ ಹೇಳುತ್ತೇನೆ, ಅವರು ತಮ್ಮ ವಹಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಬರೆಯುವ ಮೊದಲು ಅದೇ ಹಳೆಯ ರೂಢಿ. ಹೋದ ಭಾನುವಾರವೂ ಪೆನ್ಸಿಲ್ ಹಿಡಿದು ಕೇಳಿದರು.

"ಮೊದಲು ತಪ್ಪು ಹೇಳ್ರಿ. ಏನರೆ ಅದ ಏನ್ರಿ?"

"ಒಂದು ಅದರಿ ಸರ್" ಎಂದೆ. "ಪತ್ರಿಕಿ ಅಚ್ಚಿಗಿ ಹೋಗ್ಯದ, ಬರ್ತದ ಅಂತ ಅವ್ವಗ ಹೇಳೀನಿ."

ಸರ್ ಪೆನ್ಸಿಲನ್ನು ಹಾಳೆಯ ಮೇಲೆ ಇಟ್ಟರು. ಕಾಕು ಒಳಗಿನಿಂದ ಚಹಾ ತಂದವರು ಬಾಗಿಲಲ್ಲೇ ನಿಂತರು. ಎಂಟು ಕಾಲಿನ ಜಿಗಿಹುಳುವನ್ನೂ ಬಿಡದ ಆ ಮನುಷ್ಯ ಏನೂ ಬರೆಯದೆ ಹಾಳೆ ಮಗುಚಿದರು.

"ಅದು ಇರ್ಲಿ ಬಿಡ್ರಿ ಟೀಚರ್. ಅದನ್ನ ತಿದ್ದಬ್ಯಾಡ್ರಿ" ಎಂದರು.